ಮೋಟರ್ ಸರಿ ಮಾಡಿಕೊಟ್ಟ ಪಕ್ಕದ ಮನೆಯವರಿಗೆ ಏನು ಕೊಡೋದು?

ನಮ್ಮ ಸಂಪಿನ ಮೋಟರ್ ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಪಕ್ಕದ ಮನೆ ಅಂಕಲ್ ಬಂದು ಕೆಪಾಸಿಟರ್ ಬದಲಾಯಿಸಿಕೊಟ್ಟರು. ದುಡ್ಡು ಕೊಡಲು ಹೋದರೆ "ಏನಮ್ಮಾ, ನಾನೇನು ಕೂಲಿಗೆ ಬಂದಿದ್ನಾ?" ಅಂದುಬಿಟ್ಟರು. ಕೆಪಾಸಿಟರ್ ದುಡ್ಡು ಮಾತ್ರ ಹಟ ಮಾಡಿ ಕೊಟ್ಟೆ, ಸಾಮಾನಿನ ಖರ್ಚು ಅವರ ಜೇಬಿಂದ ಹೋಗಬಾರದು.

ಉಡುಗೊರೆ ಏನು ಅಂತ ತಲೆ ಕೆಡಿಸಿಕೊಳ್ಳಬೇಡಿ, ಅವರ ಟೂಲ್ ಬಾಕ್ಸ್ ಮೇಲೊಂದು ಕಣ್ಣು ಹಾಯಿಸಿ. ಇವರ ಟೆಸ್ಟರ್ ಹಿಡಿ ಒಡೆದು ಇನ್ಸುಲೇಷನ್ ಟೇಪ್ ಸುತ್ತಿದ್ದರು. ಹೊಸ ಟೆಸ್ಟರ್ ಜೊತೆಗೆ ತಲೆಗೆ ಕಟ್ಟುವ ಟಾರ್ಚ್ ತಂದುಕೊಟ್ಟೆ (ಪಾಪ, ಮೊಬೈಲ್ ಬಾಯಲ್ಲಿ ಕಚ್ಚಿಕೊಂಡು ಕೆಲಸ ಮಾಡಿದ್ದರು). ಡ್ರಿಲ್ ಮಷಿನ್‌ನಂಥ ದುಬಾರಿ ಸಾಮಾನು ಬೇಡ, ಅವರಿಗೇ ಮುಜುಗರ.

ಆಂಟಿಗೆ ಒಂದು ಡಬ್ಬಿ ಕೋಡುಬಳೆ. ಹಾಳಾಗಿದ್ದು ಅವರ ಭಾನುವಾರವೂ ತಾನೇ!