ವಯಸ್ಸಾದವರಿಗೆ ನೋರೋವೈರಸ್ ತಗುಲಿದಾಗ ಮನೆಯಲ್ಲಿ ಮಾಡಬೇಕಾದ್ದು

ನೋರೋವೈರಸ್ ಹೊಟ್ಟೆ ಸೇರಿದ 12ರಿಂದ 48 ಗಂಟೆಯೊಳಗೆ ವಾಂತಿ, ನೀರುಭೇದಿ ಏಕಾಏಕಿ ಶುರುವಾಗುತ್ತವೆ. ಗಟ್ಟಿಮುಟ್ಟಾದವರು 1ರಿಂದ 3 ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಹಿರಿಯರಿಗೆ ಮುಖ್ಯ ಅಪಾಯ ದೇಹದಿಂದ ಹರಿದುಹೋಗುವ ನೀರು ಮತ್ತು ಲವಣಗಳದ್ದು. ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ, ನೀರನ್ನು ಹಿಡಿದಿಡುವ ಕಿಡ್ನಿಯ ಶಕ್ತಿಯೂ ತಗ್ಗುತ್ತದೆ. ನೀರು ಬೇಕೇ ಎಂದು ಕೇಳಿದರೆ ಬೇಡ ಎನ್ನುತ್ತಾರೆ. ಅಷ್ಟಕ್ಕೇ ಸುಮ್ಮನಾಗಬೇಡಿ, ಗಡಿಯಾರ ನೋಡಿಕೊಂಡು ಕುಡಿಸಿ.

ಬರೀ ನೀರು ಸಾಲದು, ಲವಣ ಮತ್ತು ಸಕ್ಕರೆಯ ದ್ರಾವಣವಾದ ಓಆರ್‌ಎಸ್ ಬೇಕು. 1 ಲೀಟರ್‌ನ ಪೊಟ್ಟಣವನ್ನು ಪೂರ್ತಿ 1 ಲೀಟರ್ ಕುಡಿಯುವ ನೀರಿಗೇ ಕದಡಿ. ಅರ್ಧ ಪೊಟ್ಟಣವನ್ನು ಅಂದಾಜಿನಲ್ಲಿ ಒಂದು ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ತೊಂದರೆ ಬೆಳೆಯುತ್ತದೆ. ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆತಟ್ಟಿ ಅಳೆಯಿರಿ, ಗೋಪುರವಾಗಿ ಅಲ್ಲ. 24 ಗಂಟೆ ದಾಟಿದ್ದನ್ನು ಚೆಲ್ಲಿ.

ಲೋಟಗಟ್ಟಲೆ ಒಮ್ಮೆಗೇ ಕುಡಿಸಿದರೆ ವಾಂತಿಯಾಗಿ ಹೊರಬರುತ್ತದೆ. ನಿಮಿಷಕ್ಕೊಂದು ಟೀ ಚಮಚ, ಅಂದರೆ 5 ಮಿ.ಲೀ. ಕೊಟ್ಟರೂ ಗಂಟೆಗೆ 300 ಮಿ.ಲೀ. ಒಳಗೆ ಹೋಗುತ್ತದೆ. ವಾಂತಿಯಾದರೆ 10 ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮತ್ತೆ ಶುರುಮಾಡಿ. ಕೂರಿಸಿಯೇ ಕುಡಿಸಿ. ನಿತ್ರಾಣರಾಗಿ ಮಲಗಿದವರನ್ನು ಅಂಗಾತ ಬಿಡದೆ ಒಂದು ಮಗ್ಗುಲಿಗೆ ತಿರುಗಿಸಿ, ಇಲ್ಲವಾದರೆ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಹೃದಯ ಅಥವಾ ಕಿಡ್ನಿ ಕಾಯಿಲೆ ಇದ್ದವರಿಗೆ ದಿನಕ್ಕೆ ಎಷ್ಟು ಕುಡಿಸಬೇಕೆಂದು ವೈದ್ಯರನ್ನೇ ಕೇಳಿ.

ದಿನನಿತ್ಯದ ಮಾತ್ರೆಗಳ ವಿಷಯ ಹಲವರಿಗೆ ಹೊಳೆಯುವುದೇ ಇಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ರಕ್ತದೊತ್ತಡದ ಮಾತ್ರೆ, ಮಧುಮೇಹದ ಮೆಟ್‌ಫಾರ್ಮಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ: ದೇಹ ಒಣಗಿರುವಾಗ ಇವುಗಳಿಂದ ಕೇಡಾಗಬಹುದು, ಅದರಲ್ಲೂ ಕಿಡ್ನಿಗೆ. ಮೊದಲ ದಿನವೇ ವೈದ್ಯರಿಗೆ ಫೋನ್ ಮಾಡಿ, ಯಾವುದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೆಂದು ಕೇಳಿ. ಇನ್ಸುಲಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಆ್ಯಂಟಿಬಯೋಟಿಕ್‌ನಿಂದ ಈ ವೈರಸ್ ಸಾಯುವುದಿಲ್ಲ. ಭೇದಿ ಕಟ್ಟುವ ಮಾತ್ರೆಯನ್ನೂ ಕೇಳದೆ ಕೊಡಬೇಡಿ.

ಹಿರಿಯರ ಚರ್ಮ ಸಡಿಲವಾಗಿರುವುದರಿಂದ ಚಿವುಟಿ ನೋಡುವ ಪರೀಕ್ಷೆ ನಂಬುವಂತಿಲ್ಲ. ಮೂತ್ರ ಎಷ್ಟು ಹೊತ್ತಿಗೆ, ಯಾವ ಬಣ್ಣದಲ್ಲಿ ಹೋಯಿತೆಂದು ಬರೆದಿಡಿ. 8 ಗಂಟೆ ಮೂತ್ರ ಹೋಗದಿದ್ದರೆ, ಎದ್ದು ನಿಂತಾಗ ತಲೆ ತಿರುಗಿದರೆ, ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಅಥವಾ ಜೋರು ಜ್ವರ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇದ್ದಕ್ಕಿದ್ದಂತೆ ಗೊಂದಲ, ತೊದಲು, ಮಂಪರು ಕಂಡರಂತೂ ವಯಸ್ಸಿನ ಮರೆವೆಂದು ತಳ್ಳಿಹಾಕಲೇಬೇಡಿ. ರಾತ್ರಿ ಶೌಚಕ್ಕೆ ಓಡುವಾಗ ಬೀಳುವುದು ಹೆಚ್ಚು, ಹಾಗಾಗಿ ಹಾಸಿಗೆಯ ಪಕ್ಕ ದೀಪ ಮತ್ತು ಬೆಡ್‌ಪ್ಯಾನ್ ಇಡಿ.

ಇನ್ನು ಶುಚಿ. ಕೆಲವೇ ವೈರಸ್ ಕಣಗಳು ಸಾಕು, ಆರೈಕೆ ಮಾಡುವವರೂ ಮಲಗುತ್ತಾರೆ. ಆಲ್ಕೋಹಾಲ್ ಸ್ಯಾನಿಟೈಸರ್ ಈ ವೈರಸ್ಸಿನ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ, ಹರಿಯುವ ನೀರಿನಲ್ಲಿ ಕೈ ತೊಳೆಯಿರಿ. ವಾಂತಿ ಬಿದ್ದರೆ ಗ್ಲೌಸ್, ಮಾಸ್ಕ್ ಹಾಕಿಕೊಂಡು ಕಾಗದದಿಂದ ಅಂಚಿನಿಂದ ನಡುವಿಗೆ ಬಳಿದು ತೆಗೆದು, ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಜಾಗವನ್ನು ಸೋಪಿನ ನೀರಿನಿಂದ ಒರೆಸಿದ ಮೇಲೆಯೇ ಬ್ಲೀಚ್ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಹಾಕಿ, ಏಕೆಂದರೆ ಕೊಳೆ ಉಳಿದರೆ ಬ್ಲೀಚ್ ಅದರಲ್ಲೇ ವ್ಯಯವಾಗುತ್ತದೆ. ಶೇ. 5ರ ಬ್ಲೀಚ್ ಆದರೆ 100 ಮಿ.ಲೀ.ಗೆ 900 ಮಿ.ಲೀ. ನೀರು, ಕನಿಷ್ಠ 5 ನಿಮಿಷ ಒದ್ದೆಯಾಗಿಯೇ ಬಿಡಿ. ಬಾಗಿಲ ಹಿಡಿ, ನಲ್ಲಿ, ಫ್ಲಶ್ ಗುಂಡಿಗೆ ಲೀಟರ್ ನೀರಿಗೆ ಅದೇ ಬ್ಲೀಚ್ 20 ಮಿ.ಲೀ. ಸಾಕು. ದಿನವೂ ಹೊಸದಾಗಿ ಬೆರೆಸಿ, ಕಿಟಕಿ ತೆರೆದಿಡಿ. ಆ್ಯಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಜೊತೆ ಸೇರಿಸಿದರೆ ವಿಷಾನಿಲ ಏಳುತ್ತದೆ. ಕೊಳೆಯಾದ ಬಟ್ಟೆಯನ್ನು ಝಾಡಿಸದೆ ಬೇರೆಯಾಗಿ, ಬಟ್ಟೆ ತಡೆಯುವಷ್ಟು ಬಿಸಿ ನೀರಿನಲ್ಲಿ ಒಗೆಯಿರಿ.

ವಾಂತಿಭೇದಿ ನಿಂತು 48 ಗಂಟೆ ಆಗುವವರೆಗೆ ಕಾಯಿಲೆಯವರು ಅಡುಗೆಗೆ ಕೈಹಾಕಬಾರದು. ಮಲದಲ್ಲಿ ವೈರಸ್ ಎರಡು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಇರುತ್ತದೆ. ಅವರು ಲವಲವಿಕೆಯಿಂದ ಓಡಾಡತೊಡಗಿದ ಮೇಲೂ ಶೌಚದ ನಂತರದ ಸೋಪು ಬಿಡಿಸಬೇಡಿ.