ಸಿಮಿಲಾರಿಟಿ ರಿಪೋರ್ಟ್ ಓದುವುದು ಹೇಗೆ?

ಬರಹವನ್ನು ಬೇರೆ ಬರಹಗಳ ಜೊತೆ ಹೋಲಿಸಿ ನೋಡುವ ಸಾಫ್ಟ್‌ವೇರ್ ಟರ್ನಿಟಿನ್. ವಿದ್ಯಾರ್ಥಿಗಳ ಥೀಸಿಸ್‌ಗೆ ಅದರ ಸಿಮಿಲಾರಿಟಿ (ಹೋಲಿಕೆ) ರಿಪೋರ್ಟ್ ತೆಗೆದುಕೊಡುವುದು ಲೈಬ್ರರಿಯಲ್ಲಿ ನನ್ನ ಕೆಲಸ. ಬಂದವರೆಲ್ಲ ಮೊದಲು ಕೇಳುವುದು "ಎಷ್ಟು ಪರ್ಸೆಂಟ್?" ಅಂತ. ನಾನು ಮೊದಲು ಬಣ್ಣ ಹಚ್ಚಿದ ಸಾಲುಗಳನ್ನು ಅವರ ಮುಂದೆ ತೆರೆಯುತ್ತೇನೆ.

ನಿಮ್ಮ ಸಾಲುಗಳು ವೆಬ್ ಪುಟ, ಜರ್ನಲ್ ಲೇಖನ, ಹಳೆಯ ವಿದ್ಯಾರ್ಥಿಗಳ ಬರಹಗಳ ಜೊತೆ ಎಲ್ಲಿ ಹೋಲುತ್ತವೆ ಅನ್ನುವುದನ್ನಷ್ಟೇ ಸಾಫ್ಟ್‌ವೇರ್ ಹೇಳುತ್ತದೆ. ಅದು ನಕಲು ಹೌದೋ ಅಲ್ಲವೋ ಎಂದು ತೀರ್ಮಾನಿಸಬೇಕಾದವರು ಓದುವ ಮನುಷ್ಯರು. ಬರಹದಲ್ಲಿ ಹೋಲುವ ಭಾಗ ಒಟ್ಟು ಎಷ್ಟು ಪರ್ಸೆಂಟ್ ಅನ್ನುವುದಕ್ಕೂ ಒಂದು ಬಣ್ಣವಿದೆ: ಹೋಲಿಕೆಯೇ ಇಲ್ಲದಿದ್ದರೆ ನೀಲಿ, 24 ಪರ್ಸೆಂಟ್‌ವರೆಗೆ ಹಸಿರು, 49ರವರೆಗೆ ಹಳದಿ, 74ರವರೆಗೆ ಕಿತ್ತಳೆ, ಆಮೇಲೆ ಕೆಂಪು. ಹಸಿರು ಬಂತೆಂದು ಸುಮ್ನೆ ಕೂರಬೇಡಿ. 22 ಪರ್ಸೆಂಟ್ ಅಲ್ಲಲ್ಲಿ ಚದುರಿದ ಸಣ್ಣ ತುಣುಕುಗಳಾಗಿರಬಹುದು. 6 ಪರ್ಸೆಂಟ್ ಒಂದೇ ಕಡೆಯಿಂದ ಎತ್ತಿದ ಇಡೀ ಪ್ಯಾರಾ ಆಗಿರಬಹುದು. ನನಗೆ ಆ 6ರ ಮೇಲೇ ಜಾಸ್ತಿ ಚಿಂತೆ.

ಮೊದಲು ಫಿಲ್ಟರ್‌ನಲ್ಲಿ ಗ್ರಂಥಸೂಚಿಯನ್ನೂ ಉದ್ಧರಣ ಚಿಹ್ನೆಯೊಳಗಿನ ಮಾತುಗಳನ್ನೂ ಹೊರಗಿಡಿ. ಸಣ್ಣ ಹೋಲಿಕೆಗಳನ್ನು ಬಿಡುವ ಫಿಲ್ಟರ್ ಮಾತ್ರ ಹುಷಾರಾಗಿ ಬಳಸಿ. ಮಿತಿ ಹೆಚ್ಚಿಸಿದಷ್ಟೂ ನಿಜವಾದ ತೊಂದರೆಯೂ ಮರೆಯಾಗುತ್ತದೆ. ಆಮೇಲೆ ರಿಪೋರ್ಟ್ ಕೊಡುವ ಮೂಲಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದರಿಂದ ಶುರು ಮಾಡಿ.

ಬಣ್ಣ ಬಿದ್ದದ್ದು "ಈ ಅಧ್ಯಯನದ ಉದ್ದೇಶ" ಎಂಬಂಥ ಎಲ್ಲರೂ ಬರೆಯುವ ಮಾತಾದರೆ ಬಿಟ್ಟುಬಿಡಿ. ಮೂಲ ಹೇಳಿದ್ದೀರಿ, ಆದರೆ ಪದಗಳೂ ಅವರವೇ ಅಂದರೆ ಉದ್ಧರಣ ಚಿಹ್ನೆ ಹಾಕಿ. ಎರಡು ಪದಕ್ಕೆ ಬಣ್ಣ, ಒಂದು ಪದ ಬಿಳಿ, ಮತ್ತೆ ಬಣ್ಣ: ಹೀಗೆ ಪಟ್ಟೆಪಟ್ಟೆಯಾಗಿ ಕಂಡರೆ ನಿಂತು ನೋಡಿ. ಮೂಲದ ವಾಕ್ಯವನ್ನೇ ಇಟ್ಟು, ಅಲ್ಲಲ್ಲಿ ಸಮಾನಾರ್ಥಕ ಪದ ಹಾಕಿದಾಗ ಹೀಗಾಗುತ್ತದೆ. ಇನ್ನೊಂದು ಪದ ಬದಲಿಸಿದರೆ ಬಣ್ಣ ಹೋಗಬಹುದು, ತಪ್ಪು ಹೋಗುವುದಿಲ್ಲ. ಮೂಲವನ್ನು ಮುಚ್ಚಿಟ್ಟು, ನಿಮಗೆ ಅರ್ಥವಾದದ್ದನ್ನು ಬರೆಯಿರಿ. ನಂತರ ಮೂಲದ ಜೊತೆ ಹೋಲಿಸಿ ನೋಡಿ, ಅದರ ಹೆಸರು ಹಾಕಿ.

ರಿಪೋರ್ಟ್ ತೋರಿಸುವ ವೆಬ್‌ಸೈಟನ್ನೇ ನೀವು ಓದಿರಬೇಕೆಂದಿಲ್ಲ. ಅದೇ ಸಾಲು ಹತ್ತು ಕಡೆ ಇರುತ್ತದೆ, ಅಲ್ವಾ? ನೀವು ಓದಿದ ಮೂಲವನ್ನೇ ಉಲ್ಲೇಖಿಸಿ.

ಒಮ್ಮೆಲೇ 90 ದಾಟಿದರೆ ಗಾಬರಿ ಬೇಡ. ನಿಮ್ಮದೇ ಹಳೆಯ ಡ್ರಾಫ್ಟ್ ಟರ್ನಿಟಿನ್ ಸಂಗ್ರಹದಲ್ಲಿ ಉಳಿದಿದೆಯಾ ನೋಡಿ. ಆ ಮೂಲವನ್ನು ಹೊರಗಿಟ್ಟು ರಿಪೋರ್ಟ್ ನೋಡುವಂತೆ ಗೈಡ್‌ಗೆ ಹೇಳಿ.

ಬೇರೆಯವರ ವಿಚಾರವನ್ನು ನಿಮ್ಮ ಮಾತಿನಲ್ಲಿ ಹೇಳಿ ಹೆಸರು ಬಿಟ್ಟಿದ್ದರೆ ಸೊನ್ನೆ ಪರ್ಸೆಂಟ್ ಬಂದರೂ ಅದು ನಕಲೇ. ಅದನ್ನು ನಿಮ್ಮ ನೋಟ್ಸ್ ನೋಡಿ ನೀವೇ ಹುಡುಕಬೇಕು. ಗೈಡ್ ಹತ್ತಿರ ಹೋಗುವಾಗ ರಿಪೋರ್ಟ್ ಜೊತೆ, ಪ್ರತಿ ದೊಡ್ಡ ಹೋಲಿಕೆಗೂ ಏನು ಮಾಡಿದಿರಿ ಎಂದು ಒಂದೊಂದು ಸಾಲು ಬರೆದುಕೊಂಡು ಹೋಗಿ.