ಪೈಲಟ್‌ನ ಕಾಗದ ಸಿಗದಿದ್ದರೆ ಜೊತೆಗಾರನದು ಹುಡುಕಿ: ನನ್ನ ಅನುಭವ

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆಯ (ಲುಫ್ಟ್‌ವಾಫೆ) ಪೈಲಟ್ ಆಗಿದ್ದ, ನನ್ನ ಜರ್ಮನ್ ಹೆಂಡತಿಯ ಬಂಧುವೊಬ್ಬರ ದಾಖಲೆ ಹುಡುಕಲು ಹೊರಟಾಗ, "ಲುಫ್ಟ್‌ವಾಫೆ ಕಡತ ಬಹುಪಾಲು 1945ರಲ್ಲೇ ಸುಟ್ಟುಹೋಗಿವೆ, ನಿನಗೇನೂ ಸಿಗಲ್ಲ" ಅಂತ ಹೇಳದವರೇ ಇರಲಿಲ್ಲ. ಹೆಂಡತಿಯ ಮನೆಯವರೂ ಹೇಳಿದರು, ಇದರಲ್ಲೇ ತಲೆ ನರೆತ ಸಂಗ್ರಾಹಕರೂ ಹೇಳಿದರು. ಈಗ ನನ್ನ ಹತ್ತಿರ ಅವಳ ಅಜ್ಜಿಯ ಅಣ್ಣ ನಡೆಸಿದ ಇನ್ನೂರರಷ್ಟು ಹಾರಾಟಗಳ ಪಟ್ಟಿ ಇದೆ. ತಾರೀಕು, ಹೊರಟ ಜಾಗ, ಇಳಿದ ಜಾಗ, ಎಲ್ಲ ಸಮೇತ.

ಎಲ್ಲರ ಹಾಗೆ ನಾನೂ ಹೆಸರು ಹಿಡಿದೇ ಶುರುಮಾಡಿದ್ದು. ಬರ್ಲಿನ್‌ಗೆ ಅರ್ಜಿ ಹಾಕಿದೆ. ಸೈನಿಕರ ಮಾಹಿತಿ ಕೊಡುತ್ತಿದ್ದ ಹಳೆಯ ವಾಸ್ಟ್ ಕಚೇರಿಯ ದಾಖಲೆಗಳು 2019ರಿಂದ ಜರ್ಮನಿಯ ರಾಷ್ಟ್ರೀಯ ದಾಖಲೆ ಸಂಗ್ರಹವಾದ ಬುಂಡೆಸಾರ್ಖೀಫ್‌ನಲ್ಲಿವೆ. ವರ್ಷ ಕಳೆದ ಮೇಲೆ ಒಂದು ಪುಟ ಬಂತು: ಸೈನಿಕನ ಗುರುತಿನ ಬಿಲ್ಲೆಯ ನಂಬರ್, ಘಟಕ, 1943ರ ಜನವರಿಯಲ್ಲಿ ಸ್ಟಾಲಿನ್‌ಗ್ರಾಡ್ ಬಳಿ ನಾಪತ್ತೆ. ಫ್ರೈಬುರ್ಗ್‌ನ ಸೇನಾ ದಾಖಲೆ ಸಂಗ್ರಹದಲ್ಲಿ ಅವರ ವೈಯಕ್ತಿಕ ಕಡತ ಇರಲಿಲ್ಲ. ಆಮೇಲೆ ಹಣಕ್ಕೆ ಹುಡುಕಿಕೊಡುವವನೊಬ್ಬ ಸಿಕ್ಕಿದ. ಮುನ್ನೂರೈವತ್ತು ಯೂರೋ ತೆಗೆದುಕೊಂಡು, ಯುದ್ಧದಲ್ಲಿ ಸತ್ತವರ ಸಮಾಧಿಗಳನ್ನು ನೋಡಿಕೊಳ್ಳುವ ಫೋಲ್ಕ್ಸ್‌ಬುಂಡ್ ಸಂಸ್ಥೆಯ ಸಮಾಧಿ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದಾದ ಮಾಹಿತಿಯನ್ನೇ ಮುದ್ರಿಸಿ ಕಳಿಸಿದ. ಆ ದುಡ್ಡು ಹೋದದ್ದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ದಾರಿ ತೋರಿಸಿದ್ದು ಮನೆಯ ಒಂದು ಫೋಟೊ. ಅವರು ಮೆಸ್ಸರ್‌ಶ್ಮಿಟ್ ಫೈಟರ್ ವಿಮಾನ ಹಾರಿಸುತ್ತಿದ್ದರು ಎಂದೇ ಮನೆಯಲ್ಲಿ ನಂಬಿಕೆ. ಫೋಟೊವನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿ ಎದೆಯ ಮೇಲಿನ ಪದಕಪಟ್ಟಿ ನೋಡಿದೆ. ಫೈಟರ್‌ನವರದಾದರೆ ನಡುವೆ ರೆಕ್ಕೆಯ ಬಾಣ ಇರಬೇಕು. ಇಲ್ಲಿ ಇದ್ದದ್ದು ರೆಕ್ಕೆಯ ಬಾಂಬ್, ಅಂದರೆ ಬಾಂಬರ್‌ನವರದು. ಹಿಂದೆ ನಿಂತಿದ್ದ ವಿಮಾನದ ಪಕ್ಕೆಯಲ್ಲಿ ಜಿ1, ಅಂದರೆ ಕೆಜಿ 55 ಎಂಬ ಬಾಂಬರ್ ದಳ, ಅವರ ವಿಮಾನ ಹೈಂಕೆಲ್ 111. ಕೊನೆಯ ಅಕ್ಷರ ಅರ್ಧ ಕಾಣುತ್ತಿತ್ತು. ಅದು ಯಾವ ಸ್ಟಾಫೆಲ್ (ದಳದೊಳಗಿನ ಸಣ್ಣ ತುಕಡಿ) ಎಂಬುದನ್ನು ಅವರ ಫೆಲ್ಡ್‌ಪೋಸ್ಟ್ (ಸೇನಾ ಅಂಚೆ) ನಂಬರ್ ಖಚಿತ ಮಾಡಿತು.

ಹೈಂಕೆಲ್‌ನಲ್ಲಿ ಸಾಮಾನ್ಯವಾಗಿ ಐದು ಜನ. ಐವರೂ ಒಟ್ಟಿಗೆ ಸಾಯದಿದ್ದರೆ ಒಬ್ಬನ ಫ್ಲೂಗ್‌ಬುಖ್ (ಹಾರಾಟಗಳನ್ನು ಬರೆದಿಡುವ ಪುಸ್ತಕ) ಆದರೂ ಮನೆ ಸೇರಿರಬೇಕಲ್ಲ? ಅದರಲ್ಲಿ ವಿಮಾನ ನಡೆಸಿದವನ ಹೆಸರಿಗೆಂದೇ ಒಂದು ಕಾಲಂ ಇರುತ್ತದೆ. ಆಗಿನಿಂದ ಅವರನ್ನು ಹುಡುಕುವುದು ಬಿಟ್ಟು ಜೊತೆಗಾರರ ಬೆನ್ನು ಹತ್ತಿದೆ. ವಾಯುಪಡೆಯ ಸರಬರಾಜು ಮುಖ್ಯಸ್ಥನಾದ ಕ್ವಾರ್ಟರ್‌ಮಾಸ್ಟರ್ ಜನರಲ್‌ಗೆ ಹೋಗುತ್ತಿದ್ದ, ವಿಮಾನ ಮತ್ತು ಸಿಬ್ಬಂದಿ ನಷ್ಟದ ವರದಿಗಳು 1943ರ ಕೊನೆಯವರೆಗಿನವು ಬಹುಪಾಲು ಉಳಿದಿವೆ. 1941ರ ಒಂದು ತುರ್ತು ಇಳಿಕೆಯಲ್ಲಿ ಗಾಯಗೊಂಡ ವೈರ್‌ಲೆಸ್ ಆಪರೇಟರ್‌ನ ಹೆಸರು ಅಲ್ಲಿ ಸಿಕ್ಕಿತು. ಅವನ ಹುಟ್ಟೂರಿನ ಸ್ಥಳೀಯ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೆ. ಮೊದಲೆರಡಕ್ಕೆ ಉತ್ತರವೇ ಇಲ್ಲ, ನೂರೈವತ್ತು ಯೂರೋ ಹೋಯಿತು. ಮೂರನೆಯದರ ಒಕ್ಕಣೆ ಬದಲಿಸಿದೆ, ವಾರದೊಳಗೆ ಫೋನ್ ಬಂತು. ಏನು ಬದಲಿಸಿದೆ ಎಂಬುದನ್ನು ಹೇಳುವುದಿಲ್ಲ. ಇನ್ನೂ ಇಬ್ಬರ ಮನೆಯವರನ್ನು ಹುಡುಕುವುದಿದೆ.

ಈ ನಡುವೆ ಒಂದು ಅಡ್ಡದಾರಿಯ ಪ್ರಯೋಗವನ್ನೂ ಮಾಡಿದೆ. ಆ ಅಜ್ಜಿಯ ಅಣ್ಣನ ಪತ್ರಗಳೆಲ್ಲ ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿದ್ದವು. ಕೈಬರಹ ಓದುವ ತಂತ್ರಾಂಶವಾದ ಟ್ರಾನ್ಸ್‌ಕ್ರೈಬಸ್‌ಗೆ ಕೊಟ್ಟರೆ ಪೆನ್ಸಿಲ್ ಬರಹ ಕಂಡಲ್ಲೆಲ್ಲ ಎಡವುತ್ತಿತ್ತು. ಓದುವುದನ್ನು ನಾನೇ ಕಲಿಯಬೇಕಾಯಿತು. ಆಗ ಬಾಸೆಲ್ ಮಿಷನ್‌ನವರು ಕರ್ನಾಟಕದ ಕಡೆಯಿಂದ ಇದೇ ಕೈಬರಹದಲ್ಲಿ ಬರೆದ ಹಳೆಯ ವರದಿಗಳ ಕೆಲವು ಪುಟಗಳ ಪ್ರತಿ ತರಿಸಿಕೊಂಡೆ. ಮಂಗಳೂರು, ಹುಬ್ಬಳ್ಳಿ, ಧಾರವಾಡ ಎಂಬ ಹೆಸರುಗಳು ಎಲ್ಲಿ ಬಂದಿರಬಹುದು ಎಂದು ಮೊದಲೇ ಊಹಿಸಬಹುದಾದ್ದರಿಂದ ಅಕ್ಷರಗಳು ಒಂದೊಂದಾಗಿ ಕೈಗೆ ಹತ್ತಿದವು. ಎರಡು ತಿಂಗಳಲ್ಲಿ ಪತ್ರಗಳನ್ನು ಸರಾಗ ಓದುತ್ತಿದ್ದೆ. ಜರ್ಮನಿಯಲ್ಲೇ ಹುಟ್ಟಿ ಬೆಳೆದ ಹೆಂಡತಿಗೂ ಅದು ಬರುವುದಿಲ್ಲ.

ಆಪರೇಟರ್‌ನ ಮೊಮ್ಮಗಳು ಫ್ಲೂಗ್‌ಬುಖ್ ಮಾರಲು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಅವರ ಮನೆಯಲ್ಲೇ ಕೂತು ಪುಟಪುಟ ಫೋಟೊ ತೆಗೆದುಕೊಂಡೆ. 1942ರ ಡಿಸೆಂಬರ್‌ನಲ್ಲಿ ಸಾಲುಸಾಲಾಗಿ ಒಂದೇ ದಾರಿ: ಮೊರೊಜೊವ್‌ಸ್ಕಾಯಾದಿಂದ ಪಿಟೊಮ್ನಿಕ್, ಪಿಟೊಮ್ನಿಕ್‌ನಿಂದ ಮೊರೊಜೊವ್‌ಸ್ಕಾಯಾ. ಪಿಟೊಮ್ನಿಕ್ ಅಂದರೆ ಸ್ಟಾಲಿನ್‌ಗ್ರಾಡ್ ಮುತ್ತಿಗೆಯ ಒಳಗಿದ್ದ ವಿಮಾನ ನಿಲ್ದಾಣ, ಮೊರೊಜೊವ್‌ಸ್ಕಾಯಾ ಹೊರಗಿನದು. ಒಂದು ಕಡೆಗೆ ಸುಮಾರು ಒಂದು ಗಂಟೆ. ಮುತ್ತಿಗೆಯಲ್ಲಿ ಸಿಕ್ಕಿಬಿದ್ದವರಿಗೆ ಆಹಾರ, ಇಂಧನ ಸಾಗಿಸುವ ಕೆಲಸ. ಹೊಸ ವರ್ಷಕ್ಕೆ ಆಪರೇಟರ್ ಕಾಮಾಲೆಯಾಗಿ ಆಸ್ಪತ್ರೆ ಸೇರಿದ, ಬದುಕಿಕೊಂಡ.

ಹೆಂಡತಿಯ ಮನೆಯವರಿಗೆ ಆ ಪುಟಗಳು ಹಿಡಿಸಿದವು. ಅದೇ ಪುಸ್ತಕದ ಮುಂಚಿನ ಪುಟವೊಂದರಲ್ಲಿ 1940ರ ಸೆಪ್ಟೆಂಬರ್ 25, ಬ್ರಿಸ್ಟಲ್ ಹತ್ತಿರದ ಫಿಲ್ಟನ್ ವಿಮಾನ ಕಾರ್ಖಾನೆ ಎಂದಿದೆ. ಅವತ್ತು ಅಲ್ಲಿ ಬಹಳ ಜನ ಕಾರ್ಮಿಕರು ಸತ್ತರು. ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಮಕ್ಕಳಿಗೆ ತೋರಿಸೋಣ ಎಂದರು ಒಬ್ಬರು. ನಾನು ಒಪ್ಪಲಿಲ್ಲ. ಪಟ್ಟಿ ಕೊಟ್ಟರೆ ಇಡೀ ಪಟ್ಟಿ ಕೊಡುತ್ತೇನೆ ಎಂದೆ, ಹಾಗೇ ಕೊಟ್ಟೆ.

ಒಟ್ಟು ಖರ್ಚು, ಪ್ರಯಾಣ ಸೇರಿ, ಒಂದೂಕಾಲು ಸಾವಿರ ಯೂರೋ ಆಗಿರಬಹುದು. ಮುಂದಿನ ಜಾಹೀರಾತು ಬೋರ್ಡ್ ಮೆಕ್ಯಾನಿಕ್‌ನ ಊರಿನ ಪತ್ರಿಕೆಗೆ.